ಸಕ್ಸಸ್ ರೇಟ್ ಅಂದ್ರೆ ಯಾವುದರಲ್ಲಿ ಎಷ್ಟು? ಪ್ರನಾಳ ಶಿಶುವಿನ ಲೆಕ್ಕದ ಕಥೆ

ಭಾಗ 1/8

ನಮ್ಮ ಕಾಲೇಜ್ ಬಸ್ ಬೈಪಾಸ್ ಹತ್ತಿರ ತಿರುಗೋ ಕಡೆ ಒಂದು ದೊಡ್ಡ ಹೋರ್ಡಿಂಗ್ ಇದೆ. ನಗ್ತಿರೋ ಮಗು, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ '80% ಸಕ್ಸಸ್ ರೇಟ್'. ಎರಡು ವರ್ಷದಿಂದ ದಿನಾ ನೋಡ್ತಿದೀನಿ. 80% ಅಂದ್ರೆ ಯಾವುದರಲ್ಲಿ 80 ಅಂತ ಒಂದು ದಿನವೂ ಕೇಳ್ಕೊಂಡಿರಲಿಲ್ಲ. ಬಿಕಾಂ ಓದ್ತಾ ಇದ್ದೂ ಹೊಳೆದಿರಲಿಲ್ಲ.

ಹೋದ ತಿಂಗಳು ನನ್ನ ಚಿಕ್ಕಮ್ಮನ ಎರಡನೇ ಐವಿಎಫ್ ಫೇಲ್ ಆಯ್ತು. ಅವರಿಗೀಗ 38. (ಅವರನ್ನ ಕೇಳಿ, ಅವರು ಹೂಂ ಅಂದ ಮೇಲೇ ಬರೀತಿದೀನಿ.) ನೋಡೋಕೆ ಬಂದವರೆಲ್ಲ ಒಂದೊಂದು ಮಾತು ಬಿಟ್ಟು ಹೋದ್ರು. 'ಜಾಸ್ತಿ ಟೆನ್ಷನ್ ಮಾಡ್ಕೋತಾಳೆ, ಅದಕ್ಕೇ ನಿಲ್ಲಲ್ಲ.' 'ಮೆಟ್ಟಿಲು ಹತ್ತಿದ್ಲಂತೆ.' 'ಹಣೇಲಿ ಬರೆದಿರಬೇಕಲ್ಲ.' ಚಿಕ್ಕಪ್ಪನ ಬಗ್ಗೆ ಯಾರೂ ಏನೂ ಅನ್ನಲಿಲ್ಲ, ಗಮನಿಸಿ.

ಎಲ್ಲರೂ ಹೋದ ಮೇಲೆ ಚಿಕ್ಕಮ್ಮ ನನ್ನ ಕೇಳಿದ್ರು: 'ನೂರಕ್ಕೆ ಎಂಬತ್ತು ಜನಕ್ಕೆ ಆಗುತ್ತಂತಲ್ಲೇ. ಉಳಿದ ಇಪ್ಪತ್ತರಲ್ಲಿ ಎರಡು ಸಲವೂ ನಾನೇ ಯಾಕೆ ಬಿದ್ದೆ?'

ನನಗೆ ಉತ್ತರ ಗೊತ್ತಿರಲಿಲ್ಲ. ಹುಡುಕ್ತಾ ಹೋದೆ. ಸಿಕ್ಕಿದ್ದು ಒಂದು ಇತಿಹಾಸ. ಇಂಗ್ಲೆಂಡಿನ ಒಂದು ಸಣ್ಣ ಊರಿಂದ ಕೋಲ್ಕತಾಗೆ, ಅಲ್ಲಿಂದ ನಮ್ಮ ಬೆಂಗಳೂರಿಗೂ ಬರೋ ಕಥೆ. ಎಂಟು ಪೋಸ್ಟ್ ಆಗುತ್ತೆ. ಸೇವ್ ಮಾಡಿಟ್ಕೊಳಿ, ಪುರುಸೊತ್ತಲ್ಲಿ ಓದಿ.

ಭಾಗ 2/8

1978ರ ಜುಲೈ 25ರ ರಾತ್ರಿ, ಇಂಗ್ಲೆಂಡಿನ ಓಲ್ಡಮ್ ಜನರಲ್ ಆಸ್ಪತ್ರೆಯಲ್ಲಿ ಸಿಸೇರಿಯನ್ ಮಾಡಿ ಒಂದು ಹೆಣ್ಣು ಮಗುವನ್ನ ಹೊರಗೆ ತೆಗೆದ್ರು. ಹೆಸರು ಲೂಯಿಸ್ ಬ್ರೌನ್. ದೇಹದ ಹೊರಗೆ, ಗಾಜಿನ ತಟ್ಟೆಯಲ್ಲಿ ಅಂಡಾಣು ಮತ್ತು ವೀರ್ಯಾಣು ಸೇರಿಸಿ ಹುಟ್ಟಿದ ಜಗತ್ತಿನ ಮೊದಲ ಮಗು. ಇಷ್ಟು ನಿಮಗೂ ಗೊತ್ತಿರುತ್ತೆ, ಜಿಕೆ ಪುಸ್ತಕದಲ್ಲಿ ಒಂದು ಸಾಲಲ್ಲಿ ಇರುತ್ತೆ.

ಆ ಒಂದು ಸಾಲಿನ ಹಿಂದೆ ಹತ್ತು ವರ್ಷದ ಸೋಲು ಇದೆ. ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್, ವೈದ್ಯ ಪ್ಯಾಟ್ರಿಕ್ ಸ್ಟೆಪ್ಟೋ, ಲ್ಯಾಬ್ ಕೆಲಸ ನೋಡ್ಕೊಂಡ ನರ್ಸ್ ಜೀನ್ ಪರ್ಡಿ, ಈ ಮೂವರ ತಂಡ. 1971ರಲ್ಲಿ ಅಲ್ಲಿನ ಸರ್ಕಾರಿ ವೈದ್ಯಕೀಯ ಸಂಶೋಧನಾ ಮಂಡಳಿ ಇವರಿಗೆ ದುಡ್ಡು ಕೊಡಲ್ಲ ಅಂದುಬಿಡ್ತು. ಎಡ್ವರ್ಡ್ಸ್ ಮತ್ತು ಪರ್ಡಿ ಕೇಂಬ್ರಿಡ್ಜಿಂದ ನೂರಾರು ಕಿಲೋಮೀಟರ್ ಕಾರಲ್ಲಿ ಓಡಾಡಿ ಕೆಲಸ ಮಾಡಿದ್ರು.

ಅವರು ಬರೆದಿಟ್ಟ ನೋಟ್‌ಬುಕ್‌ಗಳನ್ನ ಬಹಳ ವರ್ಷ ಆದಮೇಲೆ ಸಂಶೋಧಕರು ಕೂತು ಎಣಿಸಿದ್ರು. 1969ರಿಂದ 1978ರವರೆಗೆ:

ಚಿಕಿತ್ಸೆಗೆ ಬಂದ ಮಹಿಳೆಯರು: 282
ಅಂಡಾಣು ತೆಗೆಯೋಕೆ ಮಾಡಿದ ಲ್ಯಾಪರೋಸ್ಕೋಪಿ: 457
ಗರ್ಭಕೋಶಕ್ಕೆ ಭ್ರೂಣ ಇಟ್ಟಿದ್ದು: 112 ಸಲ
ಗರ್ಭ ನಿಂತಿದ್ದು: 5
ಜೀವಂತ ಹುಟ್ಟಿದ ಮಕ್ಕಳು: 2

ಈಗ ಕ್ಯಾಲ್ಕ್ಯುಲೇಟರ್ ತಗೊಳಿ. 2 ಭಾಗಿಸು 457 ಅಂದ್ರೆ 0.4%. 2 ಭಾಗಿಸು 282 ಅಂದ್ರೆ 0.7%. 2 ಭಾಗಿಸು 112 ಅಂದ್ರೆ 1.8%. 2 ಭಾಗಿಸು 5 ಅಂದ್ರೆ 40%.

ಮಕ್ಕಳು ಅದೇ ಇಬ್ಬರು. ಲೆಕ್ಕದಲ್ಲಿ ಒಂದು ಪೈಸೆ ಸುಳ್ಳಿಲ್ಲ. ಕೆಳಗಿನ ಸಂಖ್ಯೆ ಬದಲಾಯಿಸಿದ್ರೆ ಸಾಕು, 0.4% ಹೋಗಿ 40% ಆಗುತ್ತೆ. ಬೈಪಾಸ್ ಹೋರ್ಡಿಂಗ್ ಮೇಲೆ ಇದರಲ್ಲಿ ಯಾವುದನ್ನ ಹಾಕ್ತಾರೆ ಹೇಳಿ ನೋಡೋಣ?

ಭಾಗ 3/8

ನಮಗೆ ಕಾಸ್ಟ್ ಅಕೌಂಟಿಂಗಲ್ಲಿ ಪ್ರೋಸೆಸ್ ಕಾಸ್ಟಿಂಗ್ ಬರುತ್ತಲ್ಲ, ಪ್ರತಿ ಹಂತದಲ್ಲೂ 'ನಾರ್ಮಲ್ ಲಾಸ್' ಕಳೆದು ಮುಂದಿನ ಹಂತಕ್ಕೆ ಕಳಿಸೋದು, ಅದನ್ನ ನೆನಪಿಸ್ಕೊಳಿ. ಮಗುವಿನ ವಿಷಯಕ್ಕೆ ಆ ಮಾತು ಹೇಳೋದು ಒರಟಾಗಿ ಕೇಳುತ್ತೆ, ಕ್ಷಮಿಸಿ. ಆದ್ರೆ ಐವಿಎಫ್ ಅರ್ಥ ಆಗಿದ್ದು ನನಗೆ ಹಂಗೇ. ತೆಗೆದ ಅಂಡಾಣುಗಳೆಲ್ಲ ಬಲಿತಿರಲ್ಲ. ಬಲಿತಿದ್ದೆಲ್ಲ ವೀರ್ಯಾಣು ಜೊತೆ ಕೂಡಲ್ಲ. ಕೂಡಿದ್ದೆಲ್ಲ ಭ್ರೂಣ ಆಗಿ ಬೆಳೆಯಲ್ಲ. ಇಟ್ಟ ಭ್ರೂಣ ಎಲ್ಲಾ ಅಂಟಲ್ಲ. ಅಂಟಿದ್ದೆಲ್ಲ ಒಂಬತ್ತು ತಿಂಗಳು ನಿಲ್ಲಲ್ಲ. ಸಹಜವಾಗಿ ಗರ್ಭ ಧರಿಸುವಾಗಲೂ ಈ ನಷ್ಟ ಆಗ್ತಾನೇ ಇರುತ್ತೆ, ಅಲ್ಲಿ ನಮಗೆ ಕಾಣಲ್ಲ ಅಷ್ಟೇ.

ಓಲ್ಡಮ್ ತಂಡ ಎಲ್ಲಿ ಎಡವಿತ್ತು? ಹೆಚ್ಚು ಅಂಡಾಣು ಸಿಗಲಿ ಅಂತ ಮೊದಮೊದಲು ಹಾರ್ಮೋನ್ ಇಂಜೆಕ್ಷನ್ ಕೊಡ್ತಿದ್ರು. ಅಂಡಾಣು ಸಿಕ್ತಿತ್ತು, ಭ್ರೂಣವೂ ಆಗ್ತಿತ್ತು. ಅದೇ ತಿಂಗಳು ಗರ್ಭಕೋಶಕ್ಕೆ ಇಟ್ರೆ ಮಾತ್ರ ನಿಲ್ತಿರಲಿಲ್ಲ. ಹಾರ್ಮೋನಿನಿಂದ ಆ ತಿಂಗಳ ಚಕ್ರವೇ ಏರುಪೇರಾಗಿ, ಭ್ರೂಣ ಬರೋ ಹೊತ್ತಿಗೆ ಗರ್ಭಕೋಶದ ಒಳಪದರ ಸಿದ್ಧವಾಗಿರ್ತಿರಲಿಲ್ಲ. ಮೊದಲ ಸಲ ಗರ್ಭ ನಿಂತಿದ್ದೂ ಗರ್ಭಕೋಶದಲ್ಲಿ ಅಲ್ಲ, ಟ್ಯೂಬಲ್ಲಿ. ಅದು ಉಳಿಯಲಿಲ್ಲ.

ಕೊನೆಗೆ 1977ರಲ್ಲಿ ಇಂಜೆಕ್ಷನ್ ಬಿಟ್ಟುಬಿಟ್ರು. ತಿಂಗಳಿಗೆ ತಾನಾಗೇ ಬಲಿಯೋ ಒಂದೇ ಅಂಡಾಣುವಿಗೆ ಕಾದ್ರು. ಕೆಲವು ಗಂಟೆಗೊಮ್ಮೆ ಮೂತ್ರ ಪರೀಕ್ಷೆ ಮಾಡಿ ಹಾರ್ಮೋನ್ ಏರೋ ಗಳಿಗೆ ಹಿಡಿದು, ಅದು ಹಗಲೋ ರಾತ್ರಿಯೋ ನೋಡದೆ ಆಪರೇಷನ್ ಮಾಡೋದು. ಎರಡೂ ಟ್ಯೂಬ್ ಬ್ಲಾಕ್ ಆಗಿ ಒಂಬತ್ತು ವರ್ಷ ಕಾದಿದ್ದ ಲೆಸ್ಲಿ ಬ್ರೌನ್ ಅವರಿಂದ ನವೆಂಬರ್ 10ರಂದು ಒಂದು ಅಂಡಾಣು ತೆಗೆದ್ರು. ಎಂಟು ಜೀವಕೋಶ ಆದಾಗ ಗರ್ಭಕೋಶಕ್ಕೆ ಇಟ್ರು. ಅದೇ ಲೂಯಿಸ್.

ಲೆಸ್ಲಿಗಿಂತ ಮುಂಚೆ ಬಂದ ಅಷ್ಟೂ ಹೆಣ್ಣುಮಕ್ಕಳು ಬರಿಗೈಲಿ ಮನೆಗೆ ಹೋದ್ರು. ಅವರು ಟೆನ್ಷನ್ ಮಾಡ್ಕೊಂಡಿದ್ದಕ್ಕಲ್ಲ, ಮೆಟ್ಟಿಲು ಹತ್ತಿದ್ದಕ್ಕಲ್ಲ. ಆ ವಿಧಾನವೇ ಇನ್ನೂ ಸರಿ ಇರಲಿಲ್ಲ. ಅದು ಸರಿ ಹೋಗಿದ್ದು ಅವರ ಸೋಲಿಂದ.

ಭಾಗ 4/8

ಈಗ ಕೋಲ್ಕತಾಗೆ ಬನ್ನಿ. ಲೂಯಿಸ್ ಹುಟ್ಟಿದ ಸ್ವಲ್ಪ ದಿನಕ್ಕೇ, 1978ರ ಅಕ್ಟೋಬರ್ 3ರಂದು, ಅಲ್ಲೂ ಒಂದು ಹೆಣ್ಣು ಮಗು ಹುಟ್ಟಿತು. ದುರ್ಗಾಪೂಜೆ ಕಾಲ, 'ದುರ್ಗಾ' ಅಂತ ಕರೆದ್ರು. ಎಷ್ಟೋ ಕಡೆ 'ಲೂಯಿಸ್ ಆದ 67 ದಿನಕ್ಕೆ' ಅಂತ ಬರೆದಿರ್ತಾರೆ. ಕ್ಯಾಲೆಂಡರ್ ಹಿಡಿದು ಎಣಿಸಿ, 70 ದಿನ. (ಕಾಪಿ ಪೇಸ್ಟ್ ನಮ್ಮ ಅಸೈನ್‌ಮೆಂಟಲ್ಲಿ ಮಾತ್ರ ನಡೆಯಲ್ಲ ನೋಡಿ.)

ಇದನ್ನ ಮಾಡಿದ್ದು ಡಾ. ಸುಭಾಷ್ ಮುಖೋಪಾಧ್ಯಾಯ. 1931ರಲ್ಲಿ ಹಜಾರಿಬಾಗ್‌ನಲ್ಲಿ ಹುಟ್ಟಿದವರು, ಕಲ್ಕತ್ತಾದಲ್ಲಿ ಒಂದು, ಎಡಿನ್‌ಬರೋದಲ್ಲಿ ಇನ್ನೊಂದು ಪಿಎಚ್‌ಡಿ ಮಾಡಿದವರು. ಜೊತೆಗೆ ಇಬ್ಬರು: ಸ್ತ್ರೀರೋಗ ತಜ್ಞ ಸರೋಜ್ ಕಾಂತಿ ಭಟ್ಟಾಚಾರ್ಯ, ಮತ್ತು ಶೀತಲೀಕರಣ ಗೊತ್ತಿದ್ದ ಸುನೀತ್ ಮುಖರ್ಜಿ.

ಇಂಗ್ಲೆಂಡ್ ತಂಡಕ್ಕೆ ಬಂದ ತೊಡಕೇ ಇವರ ಮುಂದೆಯೂ ಇತ್ತು: ಹಾರ್ಮೋನ್ ಕೊಟ್ರೆ ಅಂಡಾಣು ಜಾಸ್ತಿ, ಗರ್ಭಕೋಶ ಮಾತ್ರ ತಯಾರಿಲ್ಲ. ಅಲ್ಲಿಯವರು ಹಾರ್ಮೋನನ್ನೇ ಬಿಟ್ರು. ಇವರು ಬಿಡಲಿಲ್ಲ. ಎರಡನ್ನೂ ಬೇರೆ ಬೇರೆ ತಿಂಗಳಿಗೆ ಹಂಚಿದ್ರು. ಒಂದು ತಿಂಗಳು ಹಾರ್ಮೋನ್ ಕೊಟ್ಟು ಹಲವು ಅಂಡಾಣು ತೆಗೆಯೋದು. ಅದಕ್ಕೆ ಹೊಟ್ಟೆ ಕಡೆಯಿಂದ ಲ್ಯಾಪರೋಸ್ಕೋಪಿ ಬೇಡ, ಯೋನಿಮಾರ್ಗದಿಂದಲೇ ಸಣ್ಣ ಶಸ್ತ್ರಕ್ರಿಯೆ ಸಾಕು. ಭ್ರೂಣ ಆದಮೇಲೆ ರಕ್ಷಕ ದ್ರಾವಣ ಹಾಕಿ ಹೆಪ್ಪುಗಟ್ಟಿಸಿ ಇಡೋದು. ಸುಮಾರು ಐವತ್ತು ದಿನ ಕಳೆದು, ತಾಯಿಯ ಮೈ ಮೊದಲಿನ ಹಾಗಾದ ಮೇಲೆ, ಆ ಭ್ರೂಣಗಳನ್ನ ಕರಗಿಸಿ ಗರ್ಭಕೋಶಕ್ಕೆ ಇಡೋದು.

ನಮ್ಮ ಭಾಷೇಲಿ ಹೇಳೋದಾದ್ರೆ, ಈ ವರ್ಷದ ಸರಕನ್ನ ಕ್ಲೋಸಿಂಗ್ ಸ್ಟಾಕ್ ಅಂತ ಇಟ್ಟು ಮುಂದಿನ ವರ್ಷಕ್ಕೆ ಓಪನಿಂಗ್ ಸ್ಟಾಕ್ ಮಾಡಿದ ಹಾಗೆ. ಕೇಳೋಕೆ ಎಷ್ಟು ಸುಲಭ! ಆ ಹೊತ್ತಿಗೆ ಹೆಪ್ಪುಗಟ್ಟಿಸಿದ ಭ್ರೂಣದಿಂದ ಮನುಷ್ಯ ಮಗು ಹುಟ್ಟಿದ್ದು ಜಗತ್ತಲ್ಲಿ ಯಾರೂ ಕೇಳಿರಲಿಲ್ಲ.

ಭಾಗ 5/8

(ಈ ಭಾಗದಲ್ಲಿ ಆತ್ಮಹತ್ಯೆಯ ಪ್ರಸ್ತಾಪ ಇದೆ. ಇವತ್ತು ಮನಸ್ಸು ಸರಿ ಇಲ್ಲದಿದ್ರೆ ದಾಟಿಕೊಂಡು 6ಕ್ಕೆ ಹೋಗಿ.)

ಯಾರೂ ಕೇಳಿರಲಿಲ್ಲ, ಅದಕ್ಕೇ ಯಾರೂ ನಂಬಲೂ ಇಲ್ಲ. 1978ರ ನವೆಂಬರಿನಲ್ಲಿ ಪಶ್ಚಿಮ ಬಂಗಾಳ ಸರ್ಕಾರ ಒಂದು ಸಮಿತಿ ಮಾಡ್ತು. ಅದರ ಅಧ್ಯಕ್ಷರು ರೇಡಿಯೋ ಭೌತಶಾಸ್ತ್ರದ ಪ್ರೊಫೆಸರ್. ಐವಿಎಫ್ ಮಾಡಿ ಅನುಭವ ಇದ್ದವರು ಸಮಿತಿಯಲ್ಲಿ ಒಬ್ಬರೂ ಇರಲಿಲ್ಲ. ಮಗುವಿನ ಅಪ್ಪ ಅಮ್ಮ ಜನ ಏನಂತಾರೋ ಅಂತ ಹೆದರಿ ಮುಂದೆ ಬರಲಿಲ್ಲ. 'ಟ್ಯೂಬಲ್ಲಿ ಹುಟ್ಟಿದ್ದು' ಅಂತ ಮಗಳಿಗೆ ಜೀವನಪೂರ್ತಿ ಅಂಟಿಕೊಂಡ್ರೆ ಅನ್ನೋ ಭಯ. ಸಮಿತಿ ಇವರ ಮಾತು ನಂಬೋ ಹಾಗಿಲ್ಲ ಅಂತ ತೀರ್ಪು ಕೊಡ್ತು.

ಜಪಾನಿಂದ ಬಂದು ಮಾತಾಡಿ ಅಂತ ಆಹ್ವಾನ ಬಂತು. ಹೋಗೋಕೆ ಅನುಮತಿ ಸಿಗಲಿಲ್ಲ. 1981ರಲ್ಲಿ ಅವರನ್ನ ಕಣ್ಣಿನ ಆಸ್ಪತ್ರೆಗೆ ವರ್ಗ ಮಾಡಿದ್ರು. ಹಾರ್ಮೋನ್ ಮೇಲೆ ಇಡೀ ಜೀವನ ಕೆಲಸ ಮಾಡಿದವರನ್ನ ಕಣ್ಣಿನ ವಿಭಾಗಕ್ಕೆ! ಅದೇ ಜೂನ್ 19ರಂದು ಅವರು ತಮ್ಮ ಜೀವ ಕಳ್ಕೊಂಡ್ರು. ಐವತ್ತು ವರ್ಷ ವಯಸ್ಸು.

ಇದನ್ನ 'ಮಹಾನ್ ತ್ಯಾಗ' ಅಂತೆಲ್ಲ ದೊಡ್ಡದು ಮಾಡಿ ಬರೆಯೋಕೆ ನನಗೆ ಇಷ್ಟ ಇಲ್ಲ. ಅವರು ಬದುಕಿದ್ರೆ ಇನ್ನೆಷ್ಟು ಕೆಲಸ ಆಗ್ತಿತ್ತು ಅಂತ ಮಾತ್ರ ಅನ್ಸುತ್ತೆ. ನಿಮ್ಮಲ್ಲಿ ಯಾರಿಗಾದ್ರೂ ಭಾರ ಅನ್ಸಿದ್ರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ.

ಭಾಗ 6/8

ಮುಂದೆ ಏನಾಯ್ತು ನೋಡಿ. 1981ರ ಡಿಸೆಂಬರಿನಲ್ಲಿ ಅಮೆರಿಕದ ಮೊದಲ ಐವಿಎಫ್ ಮಗು ಹುಟ್ಟಿತು, ಹಾರ್ಮೋನ್ ಇಂಜೆಕ್ಷನ್ ಕೊಟ್ಟೇ. 1984ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಹೆಪ್ಪುಗಟ್ಟಿಸಿದ ಭ್ರೂಣದಿಂದ ಮಗು ಹುಟ್ಟಿತು, 'ಜಗತ್ತಿನಲ್ಲೇ ಮೊದಲು' ಅಂತ ದಾಖಲಾಯ್ತು. ಕಲ್ಕತ್ತಾದಲ್ಲಿ ಸುಳ್ಳು ಅಂದಿದ್ದನ್ನ ಬೇರೆಯವರು ತಾವೇ ಕಂಡುಹಿಡಿದು ಒಂದೊಂದಾಗಿ ನಿಜ ಮಾಡಿ ತೋರಿಸಿದ್ರು.

1986ರ ಆಗಸ್ಟ್ 6ರಂದು ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಹರ್ಷಾ ಹುಟ್ಟಿದಳು. ಡಾ. ಇಂದಿರಾ ಹಿಂದೂಜಾ ಮತ್ತು ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್ ಅವರ ಕೆಲಸ. ಪೇಪರಲ್ಲೆಲ್ಲ 'ಭಾರತದ ಮೊದಲ ಪ್ರನಾಳ ಶಿಶು'.

ಇನ್ನು ಈ ಕಥೇಲಿ ನನಗೆ ತುಂಬ ಇಷ್ಟ ಆದ ಜಾಗ. 1997ರಲ್ಲಿ ಕೋಲ್ಕತಾಗೆ ಹೋಗಿದ್ದ ಆನಂದ್ ಕುಮಾರ್ ಅವರ ಕೈಗೆ ಸುಭಾಷ್ ಅವರ ಹಳೇ ಕಾಗದ ಪತ್ರ, ಟಿಪ್ಪಣಿ ಸಿಕ್ತು. ಕೂತು ಓದಿದ್ರು. ಆ ಕಾಗದಗಳನ್ನ ವಾಪಸ್ ಕೊಟ್ಟು ಸುಮ್ಮನಿದ್ದಿದ್ರೆ 'ಮೊದಲಿಗ' ಅನ್ನೋ ಹೆಸರು ತಮ್ಮ ತಂಡಕ್ಕೇ ಉಳೀತಿತ್ತು. ಯಾರೂ ಕೇಳ್ತಿರಲಿಲ್ಲ. ಆದ್ರೆ ಅವರು 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಲೇಖನ ಬರೆದು, ಭಾರತದ ಮೊದಲ ಪ್ರನಾಳ ಶಿಶುವಿನ ಶಿಲ್ಪಿ ನಾವಲ್ಲ, ಸುಭಾಷ್ ಅಂತ ಹೇಳಿದ್ರು. ಆ ಪತ್ರಿಕೆ ಬರೋದು ನಮ್ಮ ಬೆಂಗಳೂರಿಂದ. ಕೋಲ್ಕತಾದಲ್ಲಿ ಅಳಿಸಿ ಹಾಕಿದ ಹೆಸರು ವಾಪಸ್ ಅಚ್ಚಾಗಿದ್ದು ಇಲ್ಲಿ.

2003ರಲ್ಲಿ ತನ್ನ 25ನೇ ಹುಟ್ಟುಹಬ್ಬಕ್ಕೆ 'ದುರ್ಗಾ', ಅಂದ್ರೆ ಕನುಪ್ರಿಯಾ ಅಗರ್ವಾಲ್, ತಾನೇ ಆ ಮಗು ಅಂತ ಎಲ್ಲರ ಮುಂದೆ ಬಂದು ಹೇಳಿದ್ರು. ಎಡ್ವರ್ಡ್ಸ್ ಅವರಿಗೆ 2010ರಲ್ಲಿ ನೊಬೆಲ್ ಬಂತು. ಸ್ಟೆಪ್ಟೋ ಮತ್ತು ಪರ್ಡಿ ಅಷ್ಟರಲ್ಲಿ ತೀರಿಕೊಂಡಿದ್ರು. ಪರ್ಡಿ ಹೋದಾಗ ಬರೀ 39.

ಈಗ ಎಷ್ಟೋ ಕ್ಲಿನಿಕ್‌ಗಳಲ್ಲಿ 'ಈ ತಿಂಗಳು ಅಂಡಾಣು ತೆಗೆದು ಫ್ರೀಜ್ ಮಾಡೋಣ, ಮುಂದಿನ ತಿಂಗಳು ಇಡೋಣ' ಅಂತಾರೆ. ಚಿಕ್ಕಮ್ಮನಿಗೂ ಹಂಗೇ ಹೇಳಿದ್ರು. ಅದು ಸುಭಾಷ್ ಅವರ ದಾರಿ ಅಂತ ಹೇಳಿದ್ದು ಮಾತ್ರ ಯಾರೂ ಇಲ್ಲ.

ಭಾಗ 7/8

ಹಂಗಾದ್ರೆ ಗೆಲ್ಲೋದು ಸೋಲೋದು ಯಾವುದರ ಮೇಲೆ ನಿಂತಿದೆ? ಇತಿಹಾಸವೇ ಒಂದೊಂದಾಗಿ ತೋರಿಸಿಕೊಟ್ಟಿದೆ.

ಒಂದು, ಅಂಡಾಣುವಿನ ವಯಸ್ಸು. 1984ರ ಹೊತ್ತಿಗೆ ಇನ್ನೊಬ್ಬರು ದಾನ ಕೊಟ್ಟ ಅಂಡಾಣುವಿಂದ ಮಕ್ಕಳು ಹುಟ್ಟೋಕೆ ಶುರುವಾಯ್ತು. ಆಗ ಒಂದು ವಿಷಯ ಸ್ಪಷ್ಟ ಆಯ್ತು: ವಯಸ್ಸಾದ ತಾಯಿಗೆ ಚಿಕ್ಕ ವಯಸ್ಸಿನವರ ಅಂಡಾಣು ಇಟ್ರೆ ಗರ್ಭ ಚೆನ್ನಾಗೇ ನಿಲ್ಲುತ್ತೆ. ಅಂದ್ರೆ ವಯಸ್ಸು ಹೆಚ್ಚು ಕಾಡೋದು ಅಂಡಾಣುವನ್ನ, ಗರ್ಭಕೋಶವನ್ನ ಅಲ್ಲ. ಬ್ರಿಟನ್ನಿನ ನಿಯಂತ್ರಣ ಸಂಸ್ಥೆಯ 2019ರ ಲೆಕ್ಕದ ಪ್ರಕಾರ, ಇಟ್ಟ ಪ್ರತಿ ಭ್ರೂಣಕ್ಕೆ ಮಗು ಹುಟ್ಟಿದ್ದು 35ರೊಳಗಿನವರಲ್ಲಿ ಸುಮಾರು 32%, 43 ದಾಟಿದವರಲ್ಲಿ 5% ಅಥವಾ ಅದಕ್ಕಿಂತ ಕಡಿಮೆ. ಚಿಕ್ಕ ವಯಸ್ಸಿನವರಲ್ಲೂ ಮೂರಕ್ಕೆ ಒಂದು, ನೋಡ್ಕೊಳಿ.

ಎರಡು, ಗಂಡಿನ ಕಡೆಯ ಕಾರಣ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನದೂ ಪಾಲು ಇರುತ್ತೆ. 1992ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್ ತಂಡ ಒಂದೇ ವೀರ್ಯಾಣುವನ್ನ ಸೂಜಿಯಿಂದ ಅಂಡಾಣುವಿನೊಳಗೆ ಬಿಡೋ ಐಸಿಎಸ್‌ಐ ವಿಧಾನ ಪ್ರಕಟಿಸಿತು. (ನಮ್ಮ ಸಿಎಸ್ ಕೋರ್ಸಿನ ಐಸಿಎಸ್‌ಐ ಅಲ್ಲ!) ಗಂಡಸರಿಗೂ ಚಿಕಿತ್ಸೆ ಬೇಕಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಮೂರು, ಕಾರಣ ಏನು, ಟ್ಯೂಬೋ ಬೇರೆಯೋ ಅನ್ನೋದು, ಭ್ರೂಣದ ಗುಣ, ಲ್ಯಾಬಿನ ಕೈಚಳಕ, ಇಡೋ ಸಮಯ. ಸಿಗರೇಟು, ತುಂಬ ಹೆಚ್ಚಿದ ತೂಕ ಕೂಡ ಅವಕಾಶ ಕಮ್ಮಿ ಮಾಡುತ್ತವೆ.

ಈಗ ಆ ನೆಂಟರ ಲಿಸ್ಟ್. ಟೆನ್ಷನ್: 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 14 ಅಧ್ಯಯನಗಳ, 3,583 ಹೆಣ್ಣುಮಕ್ಕಳ ಮಾಹಿತಿ ಒಟ್ಟು ಸೇರಿಸಿ ನೋಡಿದ್ರು. ಚಿಕಿತ್ಸೆಗೆ ಮುಂಚೆ ಎಷ್ಟು ಆತಂಕ ಇತ್ತು ಅನ್ನೋದಕ್ಕೂ ಗರ್ಭ ನಿಲ್ಲೋದಕ್ಕೂ ಸಂಬಂಧ ಕಾಣಲಿಲ್ಲ. ಮೆಟ್ಟಿಲು: ಭ್ರೂಣ ಇಟ್ಟ ಮೇಲೆ ಹಾಸಿಗೆ ಹಿಡಿದು ಮಲಗಿದ್ರೆ ಉಪಯೋಗ ಆಗುತ್ತೆ ಅಂತಲೂ ಸಂಶೋಧನೆಯಲ್ಲಿ ಸಿಕ್ಕಿಲ್ಲ. ಈ ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿ. ನಾನು ಹಾಕಿದೀನಿ. ಒಬ್ಬ ಅತ್ತೆ ಗ್ರೂಪ್ ಬಿಟ್ಟು ಹೋಗಿದಾರೆ.

ಭಾಗ 8/8

ಕೊನೇದು, ಗರ್ಭ ನಿಂತ ಮೇಲಿನ ಲೆಕ್ಕ. ಅವಕಾಶ ಹೆಚ್ಚಲಿ ಅಂತ ಮೊದಲೆಲ್ಲ ಎರಡು, ಮೂರು ಭ್ರೂಣ ಒಟ್ಟಿಗೇ ಇಡ್ತಿದ್ರು. ಸಕ್ಸಸ್ ರೇಟ್ ಏರಿತು. ಅವಳಿ ತ್ರಿವಳಿಯೂ ಏರಿತು. ಅವಳಿ ಅಂದ್ರೆ ನಮ್ಮಲ್ಲಿ ಖುಷಿ ಪಡ್ತಾರೆ, ಒಂದು ಖರ್ಚಲ್ಲಿ ಎರಡು ಅಂತ. ಆದ್ರೆ ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 37 ವಾರ ತುಂಬೋ ಮುಂಚೆ ಹುಟ್ಟುತ್ತಾರೆ, ತೂಕ ಕಡಿಮೆ, ತಾಯಿಗೆ ಬಿಪಿ, ರಕ್ತಸ್ರಾವದ ಅಪಾಯ ಜಾಸ್ತಿ. ಮಗು ಐಸಿಯು ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇದ್ರೂ ಹೋರ್ಡಿಂಗ್ ಲೆಕ್ಕದಲ್ಲಿ ಅದು 'ಸಕ್ಸಸ್'.

ಸ್ವೀಡನ್ 2003ರಲ್ಲೇ ಸಾಮಾನ್ಯವಾಗಿ ಒಂದೇ ಭ್ರೂಣ ಇಡಬೇಕು ಅಂತ ನಿಯಮ ಮಾಡ್ತು. ಬ್ರಿಟನ್ನಿನಲ್ಲಿ 1990ರ ದಶಕದಲ್ಲಿ ಐವಿಎಫ್ ಹೆರಿಗೆಗಳಲ್ಲಿ ಸುಮಾರು 28% ಅವಳಿ ತ್ರಿವಳಿ ಇತ್ತು. ಒಂದೊಂದೇ ಇಡೋಕೆ ಶುರು ಮಾಡಿ 2019ಕ್ಕೆ ಅದು 6%ಗೆ ಇಳೀತು. ಉಳಿದ ಭ್ರೂಣ ಹೆಪ್ಪುಗಟ್ಟಿಸಿ ಇಡೋಕೆ ಆಗಿದ್ದಕ್ಕೇ ಇದು ಸಾಧ್ಯ ಆಗಿದ್ದು. ಮತ್ತೆ ಸುಭಾಷ್ ನೆನಪಾಗ್ತಾರೆ. ಆ ದಾರಿಯಲ್ಲೂ ಎಲ್ಲಾ ಒಳ್ಳೇದೇ ಅಂತಲ್ಲ, ಫ್ರೋಜನ್ ಭ್ರೂಣದ ಗರ್ಭದಲ್ಲಿ ತಾಯಿಗೆ ಬಿಪಿ ಬರೋ ಸಾಧ್ಯತೆ ಸ್ವಲ್ಪ ಹೆಚ್ಚು. ಡಾಕ್ಟರನ್ನ ಕೇಳಿ ತಿಳ್ಕೋಬೇಕು.

ನಮ್ಮ ದೇಶದಲ್ಲಿ 2021ರಲ್ಲಿ ಇದಕ್ಕೇ ಅಂತ ಕಾನೂನು ಬಂದಿದೆ, ಕ್ಲಿನಿಕ್‌ಗಳು ನೋಂದಣಿ ಮಾಡಿಸಲೇಬೇಕು. ಆದ್ರೆ ಪ್ರಶ್ನೆ ಕೇಳಬೇಕಾದ್ದು ನಾವೇ. ಮೂರೇ ಪ್ರಶ್ನೆ: ನಿಮ್ಮ % ಯಾವುದರ ಮೇಲೆ, ಚಿಕಿತ್ಸೆ ಶುರು ಮಾಡಿದ ಎಲ್ಲರ ಮೇಲಾ, ಭ್ರೂಣ ಇಟ್ಟವರ ಮೇಲೆ ಮಾತ್ರವಾ? ಸಕ್ಸಸ್ ಅಂದ್ರೆ ಪಾಸಿಟಿವ್ ಟೆಸ್ಟಾ, ಮನೆಗೆ ಬಂದ ಮಗುವಾ? ನನ್ನ ವಯಸ್ಸಿನವರಲ್ಲಿ ಎಷ್ಟು?

ಹೋದ ವಾರ ಚಿಕ್ಕಮ್ಮನ ಜೊತೆ ನಾನೂ ಹೋಗಿದ್ದೆ. ಈ ಮೂರನ್ನೂ ಚೀಟಿಯಲ್ಲಿ ಬರ್ಕೊಂಡು ಅವರೇ ಕೇಳಿದ್ರು. ಕೌನ್ಸೆಲರ್ ಸ್ವಲ್ಪ ಹೊತ್ತು ಕಂಪ್ಯೂಟರ್ ನೋಡಿ, ಆ ಸಂಖ್ಯೆ ಪಾಸಿಟಿವ್ ಟೆಸ್ಟಿಂದು, ಅದೂ ಚಿಕ್ಕ ವಯಸ್ಸಿನ ದಾನಿಗಳ ಅಂಡಾಣು ಇಟ್ಟವರದು ಅಂದ್ರು. ಚಿಕ್ಕಮ್ಮ ಚೀಟಿ ಮಡಚಿ ಪರ್ಸಲ್ಲಿ ಇಟ್ಕೊಂಡ್ರು.

ಬಸ್‌ಸ್ಟಾಪಲ್ಲಿ ಕಬ್ಬಿನ ಹಾಲು ಕುಡೀತಾ ಹೇಳಿದ್ರು: 'ಆ ಇಪ್ಪತ್ತರಲ್ಲಿ ನಾನು ಇರಲೇ ಇಲ್ಲ ಕಣೇ. ಆ ನೂರರಲ್ಲೇ ಇರಲಿಲ್ಲ.'

ಮೂರನೇ ಸಲ ಮಾಡಿಸ್ಬೇಕೋ ಬೇಡ್ವೋ ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಚಿಕ್ಕಪ್ಪ ಮೊನ್ನೆ ಮೊದಲ ಸಲ ತಮ್ಮ ರಿಪೋರ್ಟ್ ತಗೊಂಡು ಬೇರೆ ಡಾಕ್ಟರ ಹತ್ತಿರ ಹೋಗಿ ಬಂದ್ರು. ಸದ್ಯಕ್ಕೆ ನಮ್ಮನೇಲಿ ಇದೇ ದೊಡ್ಡ ಸುದ್ದಿ.

ನಿಮ್ಮ ಮನೇಲೂ ಹೀಗೆ ಯಾರಾದ್ರೂ ಇದ್ರೆ, 'ಇನ್ನೂ ಆಗಿಲ್ವಾ' ಅಂತ ಕೇಳಬೇಡಿ. ಪಕ್ಕದಲ್ಲಿ ಕೂತು ಲೆಕ್ಕ ಮಾಡೋಕೆ ಸಹಾಯ ಮಾಡಿ. ನಾವು ಓದ್ತಿರೋದು ಅದೇ ಅಲ್ವಾ?

#ಇತಿಹಾಸದ_ಲೆಕ್ಕ #ಪ್ರನಾಳಶಿಶು #ಸುಭಾಷ್_ಮುಖೋಪಾಧ್ಯಾಯ #ಬಿಕಾಂ_ಬದುಕು #ಕನ್ನಡ_ಕ್ಯಾಪ್ಷನ್